ಚೀನೀ ಮುದ್ರೆಕೆತ್ತನೆಯಲ್ಲಿ ಧರ್ಮ, ತತ್ತ್ವಗಳು ಇರುವುದು ಎಲ್ಲಿ: ಅಕ್ಷರದಲ್ಲೋ, ಕಲ್ಲಿನಲ್ಲೋ, ಕೈಯಲ್ಲೋ?

ಪ್ರಶ್ನೆ
(ಬರೆದವರು: ಸೀಲಿನ ಅಂಗಡಿ, ಅವೆನ್ಯೂ ರಸ್ತೆ)

ಎಲ್ಲರಿಗೂ ನಮಸ್ಕಾರ. ಅವೆನ್ಯೂ ರಸ್ತೆಗೆ ಸೇರುವ ಒಂದು ಗಲ್ಲಿಯಲ್ಲಿ ನಮ್ಮದು ರಬ್ಬರ್ ಸ್ಟಾಂಪು, ಸೀಲು ಮಾಡಿಕೊಡುವ ಸಣ್ಣ ಅಂಗಡಿ. ಈಗ ಕೆಲಸವೆಲ್ಲ ಲೇಸರ್ ಯಂತ್ರದಲ್ಲಿ ನಡೆಯುತ್ತದೆ. ಆದರೆ ನಮ್ಮ ತಂದೆಯವರು ಅರಗಿನ ಮೇಲೆ ಒತ್ತುವ ಹಿತ್ತಾಳೆಯ ಸೀಲುಗಳನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೈಯಲ್ಲಿಯೇ ಕೆತ್ತಿದವರು. ಕನ್ನಡ, ಇಂಗ್ಲಿಷ್ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಕಾಗದದಲ್ಲಿ ಬರೆದುಕೊಳ್ಳದೆ, ನೇರವಾಗಿ ಲೋಹದ ಮೇಲೆ ಇಳಿಸುವಷ್ಟು ಅವರ ಕೈ ಪಳಗಿತ್ತು.

ಕಳೆದ ತಿಂಗಳು ಗಿರಾಕಿಯೊಬ್ಬರು ಚೀನಾದ ಹಾಂಗ್‌ಝೌ ನಗರದಿಂದ ತಂದ ಎರಡು ಕಲ್ಲಿನ ತುಂಡುಗಳನ್ನು ನಮ್ಮಲ್ಲಿಗೆ ತಂದು, ಒಂದರಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಕೆತ್ತಿಕೊಡುವಿರಾ ಎಂದು ಕೇಳಿದರು. ಇನ್ನೊಂದನ್ನು ತಂದೆಯವರಿಗೇ ಉಡುಗೊರೆಯಾಗಿ ಕೊಟ್ಟು ಹೋದರು. ಅಂದಿನಿಂದ ನಾನು ಚೀನೀ ಮುದ್ರೆಕೆತ್ತನೆಯ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಈ ಕಲೆಯನ್ನು ಯುನೆಸ್ಕೊ 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ ಎಂದು ತಿಳಿಯಿತು. ಬಹುತೇಕ ಲೇಖನಗಳಲ್ಲಿ, ಮುದ್ರೆಕೆತ್ತನೆಯು ಧಾರ್ಮಿಕ ಹಾಗೂ ತಾತ್ತ್ವಿಕ ವಿಚಾರಗಳ ಅಭಿವ್ಯಕ್ತಿ ಎಂಬ ಮಾತು ಬರುತ್ತದೆ. ನನ್ನ ತೊಡಕು ಇರುವುದು ಇಲ್ಲಿಯೇ. ನಾವು ಕಂಡ ಸೀಲು ಕಚೇರಿಯ ವಸ್ತು. ಅದು ಖಜಾನೆಯ ಚೀಲಕ್ಕೆ, ನ್ಯಾಯಾಲಯದ ಲಕೋಟೆಗೆ, ದಸ್ತಾವೇಜಿಗೆ ಸೇರಿದ್ದು. ತಂದೆಯವರು ತಮ್ಮ ಕೆಲಸವನ್ನು ಎಂದೂ ತತ್ತ್ವವೆಂದು ಕರೆದವರಲ್ಲ, ಬೇರೆಯವರೂ ಕರೆಯಲಿಲ್ಲ. ಹಾಗಿದ್ದರೆ ಚೀನೀಯರ ಮುದ್ರೆಯಲ್ಲಿ ಧರ್ಮವು ಯಾವ ದಾರಿಯಿಂದ ಒಳಬಂತು? ಅದು ಕೆತ್ತಿದ ಮಾತಿನಲ್ಲಿದೆಯೇ, ಕಲ್ಲಿನ ಆಯ್ಕೆಯಲ್ಲಿದೆಯೇ, ಕೆತ್ತುವ ಕ್ರಿಯೆಯಲ್ಲಿದೆಯೇ? ಅಥವಾ ಇದು ಓದಿದವರು ಆಮೇಲೆ ಹಚ್ಚಿದ ಬಣ್ಣವೇ? ಬಲ್ಲವರು ತಿಳಿಸಬೇಕು.

ಉತ್ತರ 1
(ಬರೆದವರು: ನಿವೃತ್ತ ಇತಿಹಾಸ ಉಪನ್ಯಾಸಕ, ಬಸವನಗುಡಿ)

ತಾವು ಕಚೇರಿಯನ್ನೂ ಧರ್ಮವನ್ನೂ ಎರಡು ದಡಗಳೆಂದು ಭಾವಿಸಿ ಪ್ರಶ್ನೆ ಕೇಳಿದ್ದೀರಿ. ಚೀನಾದ ಮಟ್ಟಿಗೆ ಆ ಹೊಳೆಯೇ ಇಲ್ಲ ಎಂಬಲ್ಲಿಂದ ನನ್ನ ಉತ್ತರವನ್ನು ಆರಂಭಿಸುತ್ತೇನೆ.

ಮುದ್ರೆಯನ್ನು ಸೂಚಿಸುವ ಚೀನೀ ಅಕ್ಷರದ ಹಳೆಯ ರೂಪದಲ್ಲಿ ಒಂದು ಕೈ, ಅದರ ಕೆಳಗೆ ಮಂಡಿಯೂರಿದ ಮನುಷ್ಯ ಕಾಣುತ್ತಾರೆ. ಒತ್ತುವುದು, ಅಧೀನಗೊಳಿಸುವುದು ಅದರ ಮೂಲಾರ್ಥ. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಎಂಬ ವಿದ್ವಾಂಸನು ರಚಿಸಿದ ನಿಘಂಟು, ಆಳುವವನು ಕೈಯಲ್ಲಿ ಹಿಡಿದಿರುವ ನಂಬುಗೆಯೇ ಮುದ್ರೆ ಎಂದು ವಿವರಿಸುತ್ತದೆ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿಯ ಮುದ್ರೆಯಲ್ಲಿ, ಪರಂಪರೆಯ ಪ್ರಕಾರ, ಎಂಟು ಅಕ್ಷರಗಳಿದ್ದವು: ಆಕಾಶದಿಂದ ಆದೇಶ ಪಡೆದವನು ದೀರ್ಘಾಯುವಾಗಿ ಸದಾ ಏಳಿಗೆ ಹೊಂದಲಿ ಎಂಬುದು ಅವುಗಳ ಅರ್ಥ. ಆ ಮುದ್ರೆಯನ್ನು ಕೈಯಲ್ಲಿಟ್ಟುಕೊಂಡವನೇ ನ್ಯಾಯವಾದ ದೊರೆ ಎಂದು ಮುಂದಿನ ರಾಜವಂಶಗಳು ಶತಮಾನಗಳ ಕಾಲ ನಂಬಿದವು. ಅದು ಕಳೆದುಹೋದ ಮೇಲೂ ಅದರ ಹೆಸರಿನಲ್ಲಿ ಬೇರೆ ಬೇರೆ ಮುದ್ರೆಗಳು ಪತ್ತೆಯಾಗುತ್ತಲೇ ಇದ್ದವು. ನಮ್ಮ ಗಂಗರ ತಾಮ್ರಪಟಗಳ ಬಳೆಯ ಮೇಲೆ ಆನೆ, ಚಾಲುಕ್ಯರದರ ಮೇಲೆ ವರಾಹ ಇರುವುದನ್ನು ನೆನೆದರೆ, ರಾಜಮುದ್ರೆಯು ದೈವದ ಅನುಗ್ರಹವನ್ನು ಸಾರುವುದು ನಮಗೇನೂ ಹೊಸದಲ್ಲ.

ಆದರೆ ಚೀನಾದಲ್ಲಿ ಇದಕ್ಕಿಂತ ಆಳವಾದ ಒಂದು ಸಂಗತಿ ನಡೆಯಿತು. ತಾವೊ, ಅಂದರೆ ಜಗತ್ತು ನಡೆಯುವ ದಾರಿ, ಎಂಬುದನ್ನು ನಂಬುವ ಚೀನಾದ ಪ್ರಾಚೀನ ಧರ್ಮವಾದ ತಾವೊ ಪಂಥದವರು ದೇವಲೋಕವನ್ನೇ ಒಂದು ದೊಡ್ಡ ಆಡಳಿತ ಕಚೇರಿಯಾಗಿ ಕಂಡರು. ಅಲ್ಲಿ ಇಲಾಖೆಗಳಿವೆ, ಅಧಿಕಾರಿಗಳಿದ್ದಾರೆ, ಕಡತಗಳಿವೆ. ರೋಗ ಬಂದಾಗ, ಮಳೆ ಬಾರದಾಗ ಪುರೋಹಿತನು ಆ ಕಚೇರಿಗೆ ಕ್ರಮಬದ್ಧವಾದ ಅರ್ಜಿಯನ್ನು ಬರೆದು, ಅದಕ್ಕೆ ತನ್ನ ಅಧಿಕಾರದ ಮುದ್ರೆಯನ್ನೊತ್ತಿ, ಬೆಂಕಿಗೆ ಅರ್ಪಿಸಿ ಮೇಲಕ್ಕೆ ಕಳುಹಿಸುತ್ತಾನೆ. ತಾವೊ, ಶಾಸ್ತ್ರ, ಗುರು ಎಂಬ ಮೂರು ನಿಧಿಗಳನ್ನು ಹೆಸರಿಸುವ ನಾಲ್ಕಕ್ಷರದ ಮುದ್ರೆ ಇಂದಿಗೂ ಅವರಲ್ಲಿ ಬಳಕೆಯಲ್ಲಿದೆ. ಸಿಡಿಲು ಬಡಿದ ಬೋರೆಮರದ ತುಂಡಿನಿಂದ ಮಾಡಿದ ಮುದ್ರೆಗೆ ಹೆಚ್ಚಿನ ಶಕ್ತಿಯಿದೆ ಎಂಬುದು ಅವರ ನಂಬಿಕೆ. ಕ್ರಿ.ಶ. 283ರಿಂದ 343ರವರೆಗೆ ಬದುಕಿದ್ದ ಗೆ ಹೊಂಗ್ ಎಂಬ ತಾವೊ ಸಾಧಕನು, ಹಿಂದಿನವರು ಬೆಟ್ಟಕ್ಕೆ ಹೋಗುವಾಗ ನಾಲ್ಕಂಗುಲ ಅಗಲದ, ನೂರಿಪ್ಪತ್ತು ಅಕ್ಷರಗಳ ಒಂದು ಮುದ್ರೆಯನ್ನು ಧರಿಸುತ್ತಿದ್ದರೆಂದೂ, ತಂಗುವ ಜಾಗದ ನಾಲ್ಕು ದಿಕ್ಕಿಗೆ ನೂರು ಹೆಜ್ಜೆ ದೂರದಲ್ಲಿ ಜೇಡಿಮಣ್ಣಿಗೆ ಅದನ್ನೊತ್ತಿ ಇಟ್ಟರೆ ಹುಲಿ, ತೋಳಗಳು ಒಳಗೆ ಬರಲು ಹೆದರುತ್ತಿದ್ದವೆಂದೂ ಬರೆದಿದ್ದಾನೆ. ಖಜಾನೆಯ ಚೀಲಕ್ಕೆ ಒತ್ತಿದ ಅರಗನ್ನು ಕಳ್ಳನು ಒಡೆಯಲು ಹಿಂಜರಿಯುತ್ತಾನಲ್ಲ, ಹುಲಿಯೂ ಹಾಗೆಯೇ ಹಿಂಜರಿಯಬೇಕು ಎಂಬುದು ಅದರ ತರ್ಕ. ತಮ್ಮ ತಂದೆಯವರ ಕೆಲಸಕ್ಕೂ ಗೆ ಹೊಂಗ್‌ನ ಮುದ್ರೆಗೂ ನಡುವೆ ಇರುವುದು ಒಂದೇ ಕಲ್ಪನೆ: ಅಲ್ಲಿಲ್ಲದವನ ಅಧಿಕಾರವನ್ನು ಒಂದು ಗುರುತು ಅಲ್ಲಿ ನಿಲ್ಲಿಸುತ್ತದೆ.

ರಾಜ್ಯಾಡಳಿತವೂ ಇದೇ ಭಾಷೆಯಲ್ಲಿ ಯೋಚಿಸಿತು. 1746ರಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿಯು ರಾಜ್ಯದ ಮುದ್ರೆಗಳ ಸಂಖ್ಯೆಯನ್ನು ಇಪ್ಪತ್ತೈದಕ್ಕೆ ನಿಲ್ಲಿಸಿದನು. ಯಿ ಚಿಂಗ್ ಎಂಬ ಪ್ರಾಚೀನ ಪರಿವರ್ತನಶಾಸ್ತ್ರದಲ್ಲಿ ಒಂದು, ಮೂರು, ಐದು, ಏಳು, ಒಂಬತ್ತು ಕೂಡಿದರೆ ಬರುವ ಇಪ್ಪತ್ತೈದು ಆಕಾಶದ ಸಂಖ್ಯೆ ಎಂಬುದು ಅದಕ್ಕೆ ಕೊಟ್ಟ ಕಾರಣ.

ಆಷಾಢ ಶುದ್ಧ ಏಕಾದಶಿಯಂದು ನಮ್ಮ ಬಸವನಗುಡಿಯ ಮಠಗಳ ಮುಂದೆ ತಪ್ತಮುದ್ರಾಧಾರಣೆಗೆ ಸಾಲು ನಿಲ್ಲುವ ಜನರನ್ನು ತಾವು ನೋಡಿರಬಹುದು. ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖಚಕ್ರಗಳ ಮುದ್ರೆಯನ್ನು ತೋಳಿಗೆ ಒತ್ತಿಸಿಕೊಳ್ಳುವ ಭಕ್ತನಿಗೆ ಅದು ಅಲಂಕಾರವಲ್ಲ, ತಾನು ಯಾರಿಗೆ ಸೇರಿದವನು ಎಂಬುದರ ಗುರುತು. ಗೆ ಹೊಂಗ್ ಬದುಕಿದ್ದರೆ ಅವನಿಗೆ ಅದು ಕೂಡಲೇ ಅರ್ಥವಾಗುತ್ತಿತ್ತು.

ಉತ್ತರ 2
(ಬರೆದವರು: ಬಳಪದ ಕಲ್ಲು, ನಾಗರಬಾವಿ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಅದು ಮುದ್ರೆಯ ಶಕ್ತಿಯ ಕಥೆ. ಕೆತ್ತನೆಯನ್ನು ಕಲೆಯೆಂದು ಕಾಣುವ ದೃಷ್ಟಿ ಬಹಳ ತಡವಾಗಿ ಬಂತು, ಮತ್ತು ಅದನ್ನು ತಂದದ್ದು ಒಂದು ಮೆತ್ತನೆಯ ಕಲ್ಲು. ನಾನು ಶಿಲ್ಪ ಕಲಿತವನಾದ್ದರಿಂದ ವಸ್ತುವಿನ ಕಡೆಯಿಂದಲೇ ಹೇಳುತ್ತೇನೆ.

ಕಂಚು, ಚಿನ್ನ, ಜೇಡ್ ಶಿಲೆ, ದಂತಗಳಲ್ಲಿ ಮುದ್ರೆ ಮಾಡುತ್ತಿದ್ದ ಕಾಲದಲ್ಲಿ ಓದಿದವನು ಅಕ್ಷರವನ್ನು ಬರೆದುಕೊಡುತ್ತಿದ್ದನು, ಕುಶಲಕರ್ಮಿಯು ಅದನ್ನು ಎರಕ ಹೊಯ್ಯುತ್ತಿದ್ದನು ಅಥವಾ ಕೆತ್ತುತ್ತಿದ್ದನು. ಝೆಜಿಯಾಂಗ್ ಪ್ರಾಂತದ ಚಿಂಗ್‌ಟಿಯೆನ್, ಫೂಜಿಯೆನ್ ಪ್ರಾಂತದ ಶೋಶಾನ್ ಮೊದಲಾದ ಕಡೆ ಸಿಗುವ ನಯವಾದ, ಚಾಕುವಿಗೆ ಬಗ್ಗುವ ಕಲ್ಲುಗಳು ಬಳಕೆಗೆ ಬಂದಾಗ ಈ ವಿಭಜನೆ ಕಳಚಿತು. ಮಿಂಗ್ ಕಾಲದ ವೆನ್ ಪೆಂಗ್ (1498–1573) ಮೊದಮೊದಲು ದಂತದ ಮೇಲೆ ಬರೆದು ಇನ್ನೊಬ್ಬರಿಂದ ಕೆತ್ತಿಸುತ್ತಿದ್ದವನು, ಚಿಂಗ್‌ಟಿಯೆನ್ ಕಲ್ಲು ಸಿಕ್ಕಿದ ಮೇಲೆ ತಾನೇ ಚಾಕು ಹಿಡಿದನು. ಕವಿಯ ಕೈಗೆ ಉಳಿ ಬಂದ ಆ ಗಳಿಗೆಯಿಂದಲೇ ಮುದ್ರೆಯು ಸ್ವಂತ ಮನಸ್ಸಿನ ಮಾತನ್ನು ಹೇಳತೊಡಗಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ತಾಳಗುಂದದ ಸ್ತಂಭಶಾಸನದಲ್ಲಿ ಕವಿ ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿರುವುದನ್ನು ಓದಿದಾಗಲೆಲ್ಲ ನನಗೆ ವೆನ್ ಪೆಂಗ್ ನೆನಪಾಗುತ್ತಾನೆ.

ಈಗ ಕೆತ್ತನೆಯ ಒಳಗಿನ ತತ್ತ್ವಕ್ಕೆ ಬರೋಣ. ಮುದ್ರೆಗಳಲ್ಲಿ ಎರಡು ಬಗೆ. ಅಕ್ಷರವನ್ನು ಉಳಿಸಿ ಸುತ್ತಲಿನ ಕಲ್ಲನ್ನು ತೆಗೆದರೆ ಕಾಗದದ ಮೇಲೆ ಕೆಂಪು ಅಕ್ಷರ ಮೂಡುತ್ತದೆ. ಅಕ್ಷರವನ್ನೇ ತೋಡಿ ತೆಗೆದರೆ ಕೆಂಪು ನೆಲದಲ್ಲಿ ಬಿಳಿಯ ಅಕ್ಷರ ನಿಲ್ಲುತ್ತದೆ. ಎರಡನೆಯ ಬಗೆಯಲ್ಲಿ ನಾವು ಓದುವುದು ಇಲ್ಲದ ಕಲ್ಲನ್ನು. ಗಾಲಿಯ ಮೂವತ್ತು ಅರೆಕಾಲುಗಳು ಕೂಡುವ ಗುಂಬದ ನಡುವಿನ ಬಯಲಿನಿಂದಲೇ ಗಾಡಿ ಉರುಳುತ್ತದೆ, ಮಡಕೆಯ ಉಪಯೋಗವಿರುವುದು ಅದರ ಬರಿದಿನಲ್ಲಿ ಎಂಬ, ತಾವೊ ಪಂಥದ ಮೂಲಗುರು ಲಾವೊತ್ಸುವಿನ ಮಾತು ಇಲ್ಲಿ ಬೆರಳಿಗೆ ತಾಗುವ ಅನುಭವವಾಗುತ್ತದೆ. ಕೆತ್ತನೆಗಾರ ಡೆಂಗ್ ಶಿರು (1743–1805) ತನ್ನ ಶಿಷ್ಯರಿಗೆ, ಗೆರೆಗಳು ವಿರಳವಾದಲ್ಲಿ ಕುದುರೆ ಓಡುವಂತಿರಬೇಕು, ದಟ್ಟವಾದಲ್ಲಿ ಗಾಳಿಯೂ ನುಸುಳದಂತಿರಬೇಕು, ಬಿಳಿಯನ್ನೂ ಕಪ್ಪೆಂದೇ ಎಣಿಸಬೇಕು ಎಂದು ಹೇಳುತ್ತಿದ್ದನು. ಬಿಳಿಯನ್ನು ಎಣಿಸುವುದೆಂದರೆ ಬಯಲನ್ನು ಮಿಕ್ಕ ಜಾಗವೆಂದು ಬಿಡದೆ, ಅದಕ್ಕೂ ಆಕಾರವಿದೆಯೆಂದು ತಿಳಿದು ಕೆತ್ತುವುದು. ಅಲ್ಲಮನ ಬಯಲನ್ನು ಓದಿಕೊಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲವಾದರೂ, ಎರಡೂ ಒಂದೇ ಎಂದು ಹೇಳುವ ಅವಸರವನ್ನು ನಾನು ಮಾಡಲಾರೆ. ಅಲ್ಲಮನದು ಎಲ್ಲ ಗುರುತುಗಳೂ ಕರಗುವ ಬಯಲು. ಡೆಂಗ್ ಶಿರುವಿನದು ಗುರುತನ್ನು ಹೊತ್ತು ನಿಲ್ಲಿಸುವ ಬಯಲು.

ಇನ್ನೊಂದು ವಿಷಯವಿದೆ. ಎಷ್ಟೋ ಕೆತ್ತನೆಗಾರರು ಕೆಲಸ ಮುಗಿದ ಮೇಲೆ ಚಾಕುವಿನ ಹಿಡಿಯಿಂದ ಮುದ್ರೆಯ ಅಂಚನ್ನು ಮೆಲ್ಲಗೆ ಬಡಿದು ಅಲ್ಲಲ್ಲಿ ಮುಕ್ಕು ಮಾಡುತ್ತಾರೆ. ಮಣ್ಣಿನಲ್ಲಿ ಹೂತು ಸವೆದ ಹಾನ್ ಕಾಲದ ಕಂಚಿನ ಮುದ್ರೆಗಳ ಚೆಲುವನ್ನು ಅವರು ಹಾಗೆ ಕರೆತರುತ್ತಾರೆ. ಮಹಾ ಕೌಶಲವು ಒರಟಾಗಿ ಕಾಣುತ್ತದೆ ಎಂಬುದೂ ಲಾವೊತ್ಸುವಿನ ಮಾತೇ. ಲೇಸರ್ ಯಂತ್ರದ ಮುಂದೆ ದಿನಗಟ್ಟಲೆ ಕುಳಿತುಕೊಳ್ಳುವ ತಮಗೆ ಈ ಮುಕ್ಕಿನ ಬೆಲೆ ನನಗಿಂತ ಚೆನ್ನಾಗಿ ತಿಳಿದೀತು.

ಉತ್ತರ 3
(ಬರೆದವರು: ಪಾಲಿ ಅಭ್ಯಾಸಿ, ಗಾಂಧಿನಗರ)

ಬೌದ್ಧರ ಮಾತು ಇನ್ನೂ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಲ್ಲವರಿಗೆ ಒಂದೇ ಒಂದು ಮುದ್ರೆಯನ್ನು ತೋರಿಸಬೇಕೆಂದರೆ ನಾನು ಆರಿಸುವುದು ಝಾವೊ ಝಿಚಿಯೆನ್ (1829–1884) ಕೆತ್ತಿದ ಒಂದು ಕಲ್ಲನ್ನು.

ತೈಪಿಂಗ್ ದಂಗೆಯ ಕಾಲ ಅದು. ಝಾವೊ ಊರಿನಿಂದ ದೂರವಿದ್ದಾಗ, 1862ರಲ್ಲಿ ಅವನ ಹೆಂಡತಿಯೂ ಮಗಳೂ ತೀರಿಕೊಂಡರು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಮನೆ ಮುರಿದು ಮನೆಯವರು ಇಲ್ಲವಾದರು, ಆದ್ದರಿಂದ ಶೋಕದ ಗುಡಿಸಲು ಎಂಬ ಹೆಸರನ್ನು ಇಟ್ಟುಕೊಂಡೆ ಎಂಬ ಅರ್ಥದ ಮಾತನ್ನೇ ಅವನು ಒಂದು ಮುದ್ರೆಯಾಗಿ ಕೆತ್ತಿದನು. ಎರಡು ವರ್ಷಗಳ ನಂತರ, 1864ರಲ್ಲಿ, ಇನ್ನೊಂದು ಕಲ್ಲನ್ನು ಕೆತ್ತಿದನು. ಅದರ ಮುಖದಲ್ಲಿ ನಾಲ್ಕು ಅಕ್ಷರಗಳಿವೆ: ಶಾಸ್ತ್ರಗಳನ್ನು ಉಂಡು ಆಯುಷ್ಯವನ್ನು ಸಾಕುವುದು ಎಂಬುದು ಅದರ ಅರ್ಥ. ಕಾಗದದ ಮೇಲೆ ಮೂಡುವುದು ಇಷ್ಟೇ. ಆದರೆ ಕಲ್ಲಿನ ಪಕ್ಕದಲ್ಲಿ, ಒತ್ತಿದಾಗ ಎಂದೂ ಅಚ್ಚಾಗದ ಜಾಗದಲ್ಲಿ, ಅವನು ಒಬ್ಬ ಬುದ್ಧನನ್ನು ಕೆತ್ತಿದ್ದಾನೆ. ಉತ್ತರ ವೇಯ್ ಕಾಲದ ಗುಹೆಗಳಲ್ಲಿ ಹರಕೆಯ ಮೂರ್ತಿಗಳ ಪಕ್ಕದಲ್ಲಿ ಇರುವ ಬರಹದ ಶೈಲಿಯಲ್ಲಿಯೇ ಅಲ್ಲೊಂದು ಬರಹವೂ ಇದೆ. ಬುದ್ಧನ ಶಿಷ್ಯ ಝಾವೊ ಝಿಚಿಯೆನ್ ತೀರಿಕೊಂಡ ಹೆಂಡತಿಗಾಗಿಯೂ ಮಗಳಿಗಾಗಿಯೂ ಈ ಮೂರ್ತಿಯನ್ನು ಮಾಡಿಸಿದ್ದಾನೆ, ಅವರ ದುಃಖಗಳೆಲ್ಲ ನೀಗಿ ಅವರು ಶುದ್ಧಭೂಮಿ ಎಂಬ ಬುದ್ಧಲೋಕದಲ್ಲಿ ಹುಟ್ಟಲಿ ಎಂಬುದು ಅದರ ಸಾರ. ಹಿಂದಿನವರು ಬೆಟ್ಟವನ್ನು ಕೊರೆದು ಮಾಡಿದ ಪುಣ್ಯಕಾರ್ಯವನ್ನು ಅವನು ಮುಷ್ಟಿಯೊಳಗೆ ಅಡಗುವ ಕಲ್ಲಿನಲ್ಲಿ ಮಾಡಿ ಮುಗಿಸಿದನು. ಇಲ್ಲಿ ಮುದ್ರೆಯು ಧರ್ಮದ ಚಿತ್ರವಲ್ಲ, ಅದೇ ಒಂದು ಧರ್ಮಕಾರ್ಯ. ಮೂಲ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಅಕ್ಷರದಲ್ಲೋ, ಕಲ್ಲಿನಲ್ಲೋ, ಕೈಯಲ್ಲೋ ಎಂದು ಕೇಳಿದ್ದೀರಿ. ಈ ಕಲ್ಲಿನಲ್ಲಿ ಅವನ್ನು ಬಿಡಿಸಿ ನೋಡಲು ನನಗೆ ಸಾಧ್ಯವಾಗಿಲ್ಲ.

ಪಕ್ಕದಲ್ಲಿ ಹೀಗೆ ಬಿಂಬವನ್ನು ಕೆತ್ತುವ ದಾರಿಯಲ್ಲಿ ಮುಂದೆ ಬೇರೆಯವರೂ ನಡೆದರು. ವು ಚಾಂಗ್‌ಶುವೊ (1844–1927) 1909ರಲ್ಲಿ, ಯೌವನದಲ್ಲೇ ಕಳೆದುಕೊಂಡ ಮೊದಲ ಹೆಂಡತಿ ಕನಸಿನಲ್ಲಿ ಕಾಣಿಸಿಕೊಂಡಳೆಂದು, ಬೆಳಗುವ ಚಂದ್ರನು ಹಿಂದಿನ ಜನ್ಮ ಎಂಬರ್ಥದ ನಾಲ್ಕು ಅಕ್ಷರಗಳನ್ನು ಕೆತ್ತಿ, ಕಲ್ಲಿನ ಪಕ್ಕದಲ್ಲಿ ಅವಳ ರೂಪವನ್ನು ಮೂಡಿಸಿದನು. ಮುಂದೆ ಅವನೇ ಹಾಂಗ್‌ಝೌನ ಗೂಶಾನ್ ಗುಡ್ಡದಲ್ಲಿ 1904ರಲ್ಲಿ ಹುಟ್ಟಿದ್ದ ಶೀಲಿಂಗ್ ಮುದ್ರಾಸಂಘದ ಮೊದಲ ಅಧ್ಯಕ್ಷನಾದನು. ಅದೇ ಗುಡ್ಡದ ಗೋಡೆಯೊಳಗೆ ಇನ್ನೊಬ್ಬರ ಮುದ್ರೆಗಳನ್ನು ಇಟ್ಟು ಮುಚ್ಚಿದ ಪ್ರಸಂಗವೂ ಇದೆ. ಸಂಗೀತ, ಚಿತ್ರ, ನಾಟಕಗಳಲ್ಲಿ ಹೆಸರಾಗಿದ್ದ ಲಿ ಶುತೊಂಗ್ 1918ರಲ್ಲಿ ಸನ್ಯಾಸ ಸ್ವೀಕರಿಸಿ ಹೊಂಗ್‌ಯಿ ಎಂಬ ಭಿಕ್ಷುವಾಗುವಾಗ, ತಾನು ಕೂಡಿಸಿಟ್ಟಿದ್ದ ಮುದ್ರೆಗಳನ್ನು ಸಂಘಕ್ಕೆ ಒಪ್ಪಿಸಿದನು. ಸಂಘದವರು ಅವನ್ನು ಬಂಡೆಗೋಡೆಯಲ್ಲಿ ಒಂದು ಗೂಡು ತೋಡಿ, ಅದರೊಳಗಿಟ್ಟು ಮುಚ್ಚಿ, ಮೇಲೆ ಮುದ್ರೆಗಳ ಭಂಡಾರ ಎಂದು ಬರೆಸಿದರು. ಹೆಸರನ್ನು ಬಿಡುವವನು ಹೆಸರಿನ ಕಲ್ಲುಗಳನ್ನು ಬಿಟ್ಟುಕೊಟ್ಟದ್ದು ಸಹಜವೇ ಆಗಿತ್ತು.

ಮುದ್ರೆ ಎಂಬ ನಮ್ಮ ಸಂಸ್ಕೃತ ಪದವೂ ಬೌದ್ಧರೊಡನೆ ಚೀನಾಕ್ಕೆ ಹೋಗಿ, ಅಲ್ಲಿನ ಸೀಲಿನ ಪದದೊಡನೆ ಒಂದಾಯಿತು. ಗುರುವಿನಿಂದ ಶಿಷ್ಯನಿಗೆ ಮಾತಿಲ್ಲದೆ ದಾಟುವ ಅರಿವನ್ನು ಚಾನ್ (ಜಪಾನಿನಲ್ಲಿ ಝೆನ್) ಎಂಬ ಬೌದ್ಧ ಪಂಥದವರು ಚಿತ್ತಮುದ್ರೆ ಎಂದು ಕರೆಯುತ್ತಾರೆ. ಹತ್ತನೆಯ ಶತಮಾನದ ಗುರು ಫೆಂಗ್‌ಶುವೆ ಸಭೆಯಲ್ಲಿ ಕೇಳಿದ ಒಂದು ಪ್ರಶ್ನೆಯನ್ನು, ಸೀಲಿನ ಅಂಗಡಿಯವರಾದ ತಮಗಾಗಿಯೇ ಇಲ್ಲಿಡುತ್ತಿದ್ದೇನೆ. ಮುದ್ರೆಯನ್ನು ಎತ್ತಿದರೆ ಅಚ್ಚು ನಿಲ್ಲುತ್ತದೆ, ಎತ್ತದೆ ಇಟ್ಟರೆ ಅಚ್ಚು ಕೆಡುತ್ತದೆ. ಎತ್ತುವುದೂ ಇಲ್ಲ, ಇಡುವುದೂ ಇಲ್ಲ ಎಂದಾದರೆ ಒತ್ತುವುದು ಸರಿಯೋ, ಒತ್ತದಿರುವುದು ಸರಿಯೋ?

ಉತ್ತರ 4
(ಬರೆದವರು: ಓದುಗ, ಮಲ್ಲೇಶ್ವರ)

ಒಂದು ಎಚ್ಚರಿಕೆಯನ್ನು ಸೇರಿಸುವುದು ಅಗತ್ಯವೆನಿಸಿತು. ಚೀನಾದ ಮುದ್ರೆಗಳಲ್ಲಿ ಬಹುಪಾಲು ಬರಿಯ ಹೆಸರು, ಹುದ್ದೆ, ಗ್ರಂಥಾಲಯಗಳ ಗುರುತುಗಳು. ಎಲ್ಲದರಲ್ಲಿಯೂ ತಾವೊ ಹುಡುಕುವುದು ತಪ್ಪು. ಇನ್ನೂ ಮುಖ್ಯವಾಗಿ, ತಾವೊ ಪರಂಪರೆಯೇ ಮುದ್ರೆಯನ್ನು ಒಮ್ಮತದಿಂದ ಮೆಚ್ಚಿಲ್ಲ. ಆ ಪರಂಪರೆಯ ಪ್ರಾಚೀನ ಚಿಂತಕ ಝುವಾಂಗ್‌ಝಿಯ ಹೆಸರಿನಲ್ಲಿರುವ ಬರಹಗಳಲ್ಲಿ, ನಂಬಿಕೆಗಾಗಿ ಮುದ್ರೆ ಮಾಡಿದರೆ ಕಳ್ಳನು ಮುದ್ರೆಯನ್ನೂ ಸೇರಿಸಿ ಕದಿಯುತ್ತಾನೆ, ಮುದ್ರೆಗಳನ್ನು ಒಡೆದು ಹಾಕಿದರೆ ಜನ ಸರಳರಾಗುತ್ತಾರೆ ಎಂಬ ಮಾತಿದೆ. ಹಳೆಯ ಚಿತ್ರಗಳ ಖಾಲಿ ಜಾಗದಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿಯು ತನ್ನ ಮುದ್ರೆಗಳನ್ನು ಸಾಲುಸಾಲಾಗಿ ಒತ್ತಿರುವುದನ್ನು ನೋಡಿದರೆ, ಚಿತ್ರಕಾರನು ಬಿಟ್ಟ ಬಯಲನ್ನು ಆಕ್ರಮಿಸಿದಂತೆ ಕಂಡು ನನಗೆ ನಿಜವಾಗಿಯೂ ನೋವಾಗುತ್ತದೆ. ಆದ್ದರಿಂದ ಮುದ್ರೆಯಲ್ಲಿ ತತ್ತ್ವವಿದೆಯೇ ಎಂದು ಸಾರಾಸಗಟಾಗಿ ಕೇಳದೆ, ಈ ಮುದ್ರೆಯಲ್ಲಿ ಇದೆಯೇ ಎಂದು ಒಂದೊಂದನ್ನೇ ಎದುರಿಗಿಟ್ಟು ಕೇಳಬೇಕು. ನಮ್ಮ ವಚನಗಳ ಅಂಕಿತವನ್ನೂ ಹಾಗೆಯೇ ಓದಬೇಕಲ್ಲವೇ? ಗುಹೇಶ್ವರ ಎಂಬ ಅಂಕಿತವು ವಚನದ ಕೊನೆಯ ಬರಿಯ ಸಹಿಯೇ, ಮಾತನ್ನು ದೈವಕ್ಕೆ ಒಪ್ಪಿಸುವ ಮುದ್ರೆಯೇ ಎಂಬುದನ್ನು ಆಯಾ ವಚನವೇ ತೀರ್ಮಾನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕವಾಗಿ ಕೃತಜ್ಞನಾಗಿದ್ದೇನೆ. ನಿನ್ನೆ ರಾತ್ರಿ ಊಟವಾದ ಮೇಲೆ ಫೆಂಗ್‌ಶುವೆಯ ಪ್ರಶ್ನೆಯನ್ನು, ಯಾರು ಕೇಳಿದ್ದೆಂದು ಹೇಳದೆ, ತಂದೆಯವರಿಗೆ ಓದಿ ಹೇಳಿದೆ. ಅವರು ಅದನ್ನು ಒಗಟೆಂದು ತಿಳಿಯಲೇ ಇಲ್ಲ. ಅರಗು ಬಿಸಿಯಿರುವಾಗಲೇ ಎತ್ತಿದರೆ ಅಕ್ಷರವು ಸೀಲಿನ ಜೊತೆಗೇ ಎದ್ದು ಬರುತ್ತದೆ, ಪೂರ್ತಿ ಆರುವವರೆಗೆ ಬಿಟ್ಟರೆ ಹಿತ್ತಾಳೆ ಅಂಟಿಕೊಂಡು ಕೀಳುವಾಗ ಅರಗೇ ಒಡೆಯುತ್ತದೆ, ಅದಕ್ಕೇ ಒತ್ತುವ ಮೊದಲು ಸೀಲಿನ ಮುಖವನ್ನು ಸ್ವಲ್ಪ ಒದ್ದೆ ಮಾಡಿಕೊಳ್ಳಬೇಕು ಎಂದು ಹೇಳಿ, ಎತ್ತುವ ಹೊತ್ತು ಬೆರಳಿಗೆ ಗೊತ್ತಾಗುತ್ತದೆ ಎಂದರು. ಆಮೇಲೆ ಝಾವೊ ಝಿಚಿಯೆನ್ ಕೆತ್ತಿದ ಬುದ್ಧನ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಅದನ್ನು ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದರು. ಮಗಳ ವಯಸ್ಸೆಷ್ಟು ಎಂದು ಮಾತ್ರ ಕೇಳಿದರು.

ಅವರಿಗೆ ಉಡುಗೊರೆಯಾಗಿ ಬಂದ ಕಲ್ಲು ಇನ್ನೂ ಹಾಗೆಯೇ ಇದೆ. ಮುಖದಲ್ಲಿ ನಮ್ಮ ತಾಯಿಯವರ ಹೆಸರನ್ನು ಬಿಳಿಯ ಅಕ್ಷರದಲ್ಲಿ ಕೆತ್ತುವುದಾಗಿ ಇಂದು ಬೆಳಿಗ್ಗೆ ಹೇಳಿದರು. ಅವರ ಕೈ ಈಗ ಸ್ವಲ್ಪ ನಡುಗುತ್ತದೆ. ನಾಗರಬಾವಿಯ ಶಿಲ್ಪಿಗಳಲ್ಲಿ ಎರಡು ಪ್ರಶ್ನೆಗಳಿವೆ: ಕನ್ನಡದ ದುಂಡಗಿನ ಅಕ್ಷರಗಳನ್ನು ಚೌಕದಲ್ಲಿ ಹೇಗೆ ಕೂರಿಸುವುದು? ಕಲ್ಲಿನ ಪಕ್ಕದ ಬರಹವನ್ನೂ ತಿರುವುಮುರುವಾಗಿಯೇ ಕೆತ್ತಬೇಕೇ?

ಉತ್ತರ 5
(ಬರೆದವರು: ಬಳಪದ ಕಲ್ಲು, ನಾಗರಬಾವಿ)

ಪಕ್ಕದ ಬರಹವು ಅಚ್ಚಿಗಲ್ಲ, ಕಲ್ಲನ್ನು ಕೈಯಲ್ಲಿ ಹಿಡಿದು ಓದುವವರಿಗೆ. ಆದ್ದರಿಂದ ಅದನ್ನು ನೇರವಾಗಿಯೇ ಕೆತ್ತಬೇಕು. ಪ್ರತಿ ಬೇಕಾದವರು ತೆಳುವಾದ ಕಾಗದವನ್ನು ಅದರ ಮೇಲೆ ಒದ್ದೆ ಮಾಡಿ ಅಂಟಿಸಿ, ಮಸಿಯನ್ನು ತಟ್ಟಿ ತೆಗೆಯುತ್ತಾರೆ. ನಮ್ಮ ಶಾಸನತಜ್ಞರು ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ. ದುಂಡಗಿನ ಅಕ್ಷರಕ್ಕೆ ಹೆದರಬೇಕಾಗಿಲ್ಲ. ತಾಳಗುಂದ ಶಾಸನದ ಅಕ್ಷರಗಳ ತಲೆಯ ಮೇಲೆ ಪುಟ್ಟ ಪೆಟ್ಟಿಗೆಯಂತಹ ಚೌಕಗಳಿವೆ, ಚೌಕಟ್ಟಿನ ಮೇಲಂಚಿಗೆ ಅವು ಚೆನ್ನಾಗಿ ಹೊಂದುತ್ತವೆ. ತಂದೆಯವರು ಒಮ್ಮೆ ಆ ಅಕ್ಷರಗಳ ಅಚ್ಚನ್ನು ನೋಡಲಿ. ಬಿಳಿಯ ಅಕ್ಷರವನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಕಲ್ಲನ್ನು ಮರದ ಹಿಡಿಕಟ್ಟಿನಲ್ಲಿ ಬೆಣೆ ಹೊಡೆದು ಬಿಗಿದರೆ ಎಡಗೈಗೆ ಬಿಡುವು ಸಿಗುತ್ತದೆ, ಆಗ ಬಲಗೈಗೆ ಅದರ ಆಸರೆ ಕೊಡಬಹುದು. ಆಮೇಲೂ ಕೈ ನಡುಗಿ ಗೆರೆಯ ಅಂಚು ಎಲ್ಲಿಯಾದರೂ ಮುಕ್ಕಾದರೆ ಅದನ್ನು ತಿದ್ದಲು ಹೋಗಬೇಡಿ, ಹಾಗೆಯೇ ಬಿಡಿ.